ಖಾಲಿ ತೊಟ್ಟಿಲಿನ ಹತ್ತು ಅಂಕ

ನನಗೊಂದು ಕೆಟ್ಟ ಚಟವಿದೆ. ಝೆರಾಕ್ಸ್ ಮಾಡಲು ಕೊಟ್ಟ ಕಾಗದವನ್ನು ಓದದೆ ಬಿಡುವುದಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನ ಬಾಜೂಕೆ ಅಪ್ಪನ ಅಂಗಡಿ. ದುಮ್ಮವಾಡದ ಬಸ್ಸಿಗೆ ಕಾಯುವವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ, ಮಷೀನಿನ ಮುಂದೆ ನಾನು ಕೂರುತ್ತೇನೆ. ಯಾರ ಪಹಣಿಯಲ್ಲಿ ಯಾರ ಹೆಸರು ಸೇರಿದೆ, ಯಾರ ಮಗಳ ಜಾತಕ ಎಷ್ಟನೆಯ ಸಲ ಹೊರಗೆ ಹೊರಟಿದೆ, ಎಲ್ಲವನ್ನೂ ಓದಿ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಕಾಲೇಜಿನಲ್ಲಿ ನಾನು ಓದಿದ್ದು ಇತಿಹಾಸ. ಭೌತಶಾಸ್ತ್ರ ಕಲಿತದ್ದು ಮಾತ್ರ ಈ ಮಷೀನಿನ ಮುಂದೆ. ಹುಡುಗರು ಗೈಡು ತಂದು ‘ನಲವತ್ತೊಂದರಿಂದ ಐವತ್ತಾರರ ತನಕ’ ಅನ್ನುತ್ತಾರೆ. ಮಷೀನು ಬೆಳಕು ಬಿಡುತ್ತಾ ಹೋದ ಹಾಗೆ ನಾನು ಓದುತ್ತಾ ಹೋಗುತ್ತೇನೆ. ಹೀಗೆ ಕಲಿತದ್ದರಿಂದ ನನ್ನ ವಿದ್ಯೆಯಲ್ಲಿ ಅಲ್ಲಲ್ಲಿ ತೂತುಗಳಿವೆ. ಚಲನೆ ಗೊತ್ತು, ಬಲ ಗೊತ್ತು, ಶಾಖ ಅರ್ಧ ಗೊತ್ತು. ಉಳಿದರ್ಧ ಕಾಪಿ ಮಾಡಿಸಲು ಆ ಹುಡುಗ ತಿರುಗಿ ಬರಲೇ ಇಲ್ಲ. ಆ ತೂತುಗಳನ್ನು ಫೋನಿನ ವಿಡಿಯೋಗಳಿಂದ ಮುಚ್ಚಿಕೊಂಡೆ. ಮುಚ್ಚಿದ್ದೇನೆ ಅಂತ ತಿಳಿದಿದ್ದೆ ಅನ್ನುವುದು ಹೆಚ್ಚು ಸರಿ.

ನಮ್ಮೂರ ಹೈಸ್ಕೂಲಿನ ಹೆಡ್ ಮಾಸ್ತರರು ಒಂದು ದಿನ ಪರೀಕ್ಷೆಯ ಪ್ರಶ್ನೆಪತ್ರಿಕೆ ತಂದು ಕೊಟ್ಟರು. “ಮೂವತ್ತು ಕಾಪಿ ತಗಿ ಗಿರಿಜಾ. ಓದಬ್ಯಾಡ,” ಅಂದರು. ಓದಿದೆ. ನಾಲ್ಕನೆಯ ಲೆಕ್ಕದಲ್ಲಿ ಒಂದು ಬಸ್ಸು ಸೆಕೆಂಡಿಗೆ ಎಂಬತ್ತು ಮೀಟರ್ ಓಡುತ್ತಿತ್ತು.

“ಸರ್, ಇದು ತಾಸಿಗೆ ಮುನ್ನೂರು ಕಿಲೋಮೀಟರಿನ ಹತ್ತಿರ ಆತ್ರಿ. ನಮ್ಮ ರಸ್ತಾದಾಗ ಇಷ್ಟು ಓಡಿದ್ರ ಕಂಡಕ್ಟರ್ ದುಮ್ಮವಾಡದಾಗ ಇಳೀತಾನ, ಬಸ್ಸು ಅಳ್ನಾವರದಾಗ ನಿಲ್ತೈತಿ,” ಅಂದೆ.

ಅವರು ಕನ್ನಡಕ ಮೇಲೆತ್ತಿ ಪತ್ರಿಕೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಶಾಲೆಯ ವಿಜ್ಞಾನದ ಮಾಸ್ತರರನ್ನು ಎರಡು ಶಾಲೆಗಳಿಗೆ ಹಂಚಿದ್ದರು. ವಾರಕ್ಕೆ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ಜೀವಶಾಸ್ತ್ರ, ರಸಾಯನ ಮುಗಿಸುವಷ್ಟರಲ್ಲಿ ಅವರ ದಿನಗಳು ಮುಗಿಯುತ್ತಿದ್ದವು. “ನಾಳಿಂದ ಮಧ್ಯಾಹ್ನ ಮೊದಲನೇ ತಾಸಿಗೆ ಬಾ. ಒಂಬತ್ತನೇತ್ತಾದವರಿಗೆ ಅಷ್ಟು ಭೌತಶಾಸ್ತ್ರ ಹೇಳು,” ಅಂದರು ಹೆಡ್ ಮಾಸ್ತರರು.

ಹಾಗೆ ನಾನು ಒಂಬತ್ತನೆಯ ತರಗತಿಗೆ ಮೇಡಂ ಆದೆ. ನಮ್ಮ ಕಡೆ ‘ಅಕ್ಕೋರು’ ಅನ್ನುತ್ತಾರೆ. ಅಂಗಡಿಯಲ್ಲಿ ‘ಅಕ್ಕಾ, ಇದು ಸಣ್ಣದಾಗಿ ಬರಲಿ, ಕಿಸೇದಾಗ ಹಿಡೀಬೇಕು’ ಅನ್ನುತ್ತಿದ್ದ ಹುಡುಗರೇ ಶಾಲೆಯ ಗೇಟು ದಾಟಿದರೆ ಎದ್ದು ನಿಂತು ‘ನಮಸ್ಕಾರ್ರಿ ಅಕ್ಕೋರ’ ಅನ್ನುತ್ತಿದ್ದರು. ಆ ಒಂದು ತಾಸಿಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನ್ನನ್ನು ಯಾರೋ ಕಾಪಿ ತೆಗೆಯುವುದಕ್ಕಲ್ಲದೆ ಬೇರೆ ಕೆಲಸಕ್ಕೆ ಕರೆದಿದ್ದರು.

ಎರಡು ತಿಂಗಳಾಗುವಷ್ಟರಲ್ಲಿ ಕೆಲವು ಪಾಲಕರ ತಕರಾರು ಶುರುವಾಯಿತು. ಡಿಗ್ರಿ ಇತಿಹಾಸದ್ದು, ಹೇಳುವುದು ಭೌತಶಾಸ್ತ್ರ, ನೋಟ್ಸು ಬರೆಸುವುದಿಲ್ಲ, ಹುಡುಗರನ್ನು ಬಾವಿಗೆ ಕಲ್ಲು ಒಗೆಯಲು ಕರೆದೊಯ್ಯುತ್ತಾಳೆ. ಎಲ್ಲವೂ ನಿಜವೇ. ಕಲಘಟಗಿಯಿಂದ ಒಬ್ಬರು ಬಂದು ಗೈಡು ಓದಿಸಲು ತಯಾರಿದ್ದಾರೆ ಅನ್ನುವ ಮಾತೂ ಬಂತು. ಹೆಡ್ ಮಾಸ್ತರರು ನನ್ನನ್ನು ಕರೆದು ಹೇಳಿದರು:

“ನೋಡವಾ, ಮಂದಿ ಬಾಯಿ ಮುಚ್ಚಾಕ ನನ್ನ ಕೈಯಾಗ ಏನರ ಬೇಕು. ಶನಿವಾರ ಒಂದು ಪರೀಕ್ಷಾ ತಗೊ. ಇಪ್ಪತ್ತೈದು ಅಂಕದ್ದು. ಸೋಮವಾರ ಪೇಪರ್ ನನ್ನ ಟೇಬಲ್ ಮ್ಯಾಲಿರಲಿ. ಅರ್ಧಕ್ಕ ಅರ್ಧ ಹುಡುಗರಿಗೆ ತಿಳದೈತಿ ಅಂತ ಕಂಡ್ರ ವರ್ಷ ಮುಗಿಯೋತನಾ ಈ ತಾಸು ನಿಂದು. ಇಲ್ಲಾಂದ್ರ ಅವರು ಬರ್ತಾರ.”

“ತಿಳದೈತಿ ಅಂತ ಹೆಂಗ ಗೊತ್ತಾಗ್ತೈತ್ರಿ ಸರ್?”

“ಅದು ನಿನ್ನ ಕೆಲಸ. ಪ್ರಶ್ನಿ ತೆಗ್ಯಾಕಿ ನೀನು.”

ಮಕ್ಕಳು ಇಪ್ಪತ್ತೇಳು. ಅರ್ಧ ಅಂದರೆ ಹದಿನಾಲ್ಕು. ಆ ರಾತ್ರಿಯಿಂದ ನನಗೆ ಹದಿನಾಲ್ಕು ಅನ್ನುವ ಸಂಖ್ಯೆ ಬಿಟ್ಟು ಬೇರೇನೂ ಕಾಣಲಿಲ್ಲ. ಅಕ್ಕಿ ಆರಿಸಲು ಕೂತರೂ ಹದಿನಾಲ್ಕು ಕಲ್ಲು ಸಿಗುತ್ತಿದ್ದವು.

ಪ್ರಶ್ನೆ ತೆಗೆಯುವುದು ಎಷ್ಟು ಕಷ್ಟ ಅಂತ ಪ್ರಶ್ನೆಪತ್ರಿಕೆಗೆ ಬೈಯುವ ಯಾರಿಗೂ ಗೊತ್ತಿಲ್ಲ. ‘ಜಡತ್ವ ಎಂದರೇನು?’ ಅಂತ ಕೇಳಿದರೆ ಇಪ್ಪತ್ತೇಳು ಮಕ್ಕಳೂ ಒಂದೇ ಸ್ವರದಲ್ಲಿ ಮಂತ್ರ ಹೇಳಿದ ಹಾಗೆ ಬರೆಯುತ್ತಾರೆ, ಅಲ್ಪವಿರಾಮ ಕೂಡ ಗೈಡಿನಲ್ಲಿದ್ದ ಜಾಗದಲ್ಲೇ ಇರುತ್ತದೆ. ಅದರಿಂದ ತಿಳಿಯುವುದು ನಮ್ಮ ಮಷೀನಿನಲ್ಲಿ ಕಾಪಿ ಸ್ವಚ್ಛ ಬಂದಿತ್ತು ಅಂತ, ಅಷ್ಟೆ. ಬಾಯಿಪಾಠವನ್ನು ನಾನು ಹೀಗೆ ಗೇಲಿ ಮಾಡುತ್ತಿದ್ದೆ ಅನ್ನುವುದನ್ನು ದಯವಿಟ್ಟು ಗಮನಿಸಿ. ಮುಂದೆ ನನಗೆ ಆದದ್ದಕ್ಕೆ ಮರುಗಬೇಕೋ ನಗಬೇಕೋ ಅನ್ನುವುದನ್ನು ತೀರ್ಮಾನಿಸಲು ಅನುಕೂಲವಾಗುತ್ತದೆ.

ಹದಿನೈದು ಅಂಕಕ್ಕೆ ಬರೆಯುವ ಪ್ರಶ್ನೆಗಳನ್ನು ನಮ್ಮೂರಿನಿಂದಲೇ ಎತ್ತಿಕೊಂಡೆ. ಉಳಿದ ಹತ್ತು ಅಂಕಕ್ಕೆ ಮಕ್ಕಳು ಕೈಯಿಂದ ಏನಾದರೂ ಮಾಡಬೇಕು ಅನಿಸಿತು. ಆಗ ಲೋಲಕ ನೆನಪಾಯಿತು. ಇಟಲಿಯಲ್ಲಿ ಒಬ್ಬ ವಿದ್ಯಾರ್ಥಿ ಪ್ರಾರ್ಥನೆಗೆ ಹೋದವನು ಪ್ರಾರ್ಥನೆ ಬಿಟ್ಟು, ಮೇಲೆ ತೂಗಾಡುವ ದೀಪವನ್ನು ನೋಡುತ್ತಾ ಕೂತನಂತೆ. ಸೆಕೆಂಡು ತೋರಿಸುವ ಗಡಿಯಾರವಿಲ್ಲದ ಕಾಲ. ತನ್ನ ನಾಡಿಯನ್ನೇ ಹಿಡಿದು ಎಣಿಸಿದನಂತೆ. ದೀಪ ದೂರ ತೂಗಲಿ, ಹತ್ತಿರ ತೂಗಲಿ, ಹೋಗಿ ಬರುವ ಹೊತ್ತು ಒಂದೇ. ಭಾರ ಹೆಚ್ಚಾಗಲಿ, ಕಡಿಮೆಯಾಗಲಿ, ಹೊತ್ತು ಒಂದೇ. ಹಗ್ಗದ ಉದ್ದ ಬದಲಾದರೆ ಮಾತ್ರ ಹೊತ್ತು ಬದಲಾಗುತ್ತದೆ. ಈ ಕಥೆಯನ್ನು ತರಗತಿಯಲ್ಲೂ ಹೇಳಿದ್ದೆ. ಓದಿದಾಗಲೆಲ್ಲ ನನಗೆ ಅನಿಸುತ್ತದೆ, ಆ ಹುಡುಗ ಕಲಘಟಗಿ ತಾಲೂಕಿನಲ್ಲಿ ಹುಟ್ಟಿದ್ದರೆ ದೀಪಕ್ಕೆ ಯಾಕೆ ಕಾಯಬೇಕಿತ್ತು? ಬಣ್ಣದ ತೊಟ್ಟಿಲುಗಳು ನಮ್ಮಲ್ಲಿ ಮನೆಮನೆಯಲ್ಲಿ ತೂಗುತ್ತವೆ.

ಹಾಗಾಗಿ ಹತ್ತು ಅಂಕದ ಪ್ರಶ್ನೆ ತೊಟ್ಟಿಲಿನದಾಯಿತು. ಮೊದಲು ಖಾಲಿ ತೊಟ್ಟಿಲನ್ನು ತೂಗಿ, ಇಪ್ಪತ್ತು ತೂಗಿಗೆ ಎಷ್ಟು ಸೆಕೆಂಡು ಅಂತ ಬರೆಯಿರಿ. ಆಮೇಲೆ ಅದರಲ್ಲಿ ಗುಂಡಕಲ್ಲು ಇಟ್ಟು ತೂಗಿ ಬರೆಯಿರಿ. ಏನು ತಿಳಿಯಿತು? ಗುಂಡಕಲ್ಲು ಅಂದರೆ ಒರಳಿನಲ್ಲಿ ರುಬ್ಬುವ ಕಲ್ಲು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವ ಭಾಗ್ಯ ಅದರದ್ದು. ಕೂಸಿನ ಹಾಗೆ ಅದರ ತಲೆಗೂ ಕುಂಚಿಗೆ ಕಟ್ಟಿ ಗುಂಡಪ್ಪ ಅಂತ ಕರೆದು ಮಲಗಿಸುತ್ತಾರೆ. ಇಷ್ಟು ಚೆಂದದ ಪ್ರಶ್ನೆ ಜಗತ್ತಿನಲ್ಲಿ ಯಾರೂ ತೆಗೆದಿಲ್ಲ ಅಂತ ಹೆಮ್ಮೆಪಟ್ಟು, ಮಾದರಿ ಉತ್ತರವನ್ನೂ ಬರೆದಿಟ್ಟೆ: ‘ಎರಡೂ ಸಮಯ ಒಂದೇ. ತೂಕಕ್ಕೂ ಸಮಯಕ್ಕೂ ಸಂಬಂಧವಿಲ್ಲ.’

ಕಲಘಟಗಿಯಲ್ಲಿ ಅಪ್ಪನ ಪರಿಚಯದ ಬಡಿಗೇರರೊಬ್ಬರು ಅಂಗಡಿಯಲ್ಲಿ ತೋರಿಸಲಿಕ್ಕೆ ಅಂತ ಅರ್ಧ ಅಳತೆಯ ತೊಟ್ಟಿಲು ಮಾಡಿ ಇಟ್ಟಿದ್ದರು. ಅದನ್ನು ಬೇಡಿ ತಂದೆ. ಮದುವೆಯಾಗದ ಹುಡುಗಿ ಬಸ್ಸಿನಲ್ಲಿ ತೊಟ್ಟಿಲು ಹೊತ್ತುಕೊಂಡು ನಿಂತರೆ ಏನಾಗುತ್ತದೆ ಅಂತ ನಾನು ಮೊದಲೇ ಯೋಚಿಸಬೇಕಿತ್ತು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

“ಯಾರಿಗೆ ತಂಗಿ ತೊಟ್ಟಲಾ?” ಬಾಜೂ ಸೀಟಿನ ಅಜ್ಜಿ ಕೇಳಿದಳು.

“ಸಾಲಿಗೆ ಬೇ ಅಜ್ಜಿ.”

“ಸಾಲ್ಯಾಗ ಯಾರು ಹಡದಾರ?”

“ಯಾರೂ ಹಡದಿಲ್ಲ. ಒಂಬತ್ತನೇತ್ತಾದವರಿಗೆ ಪರೀಕ್ಷಾ ಐತಿ.”

ಅಜ್ಜಿ ಬಹಳ ಹೊತ್ತು ನನ್ನ ಮುಖ ನೋಡಿದಳು. ಈಗಿನ ಸಾಲಿಗಳಲ್ಲಿ ಏನೇನು ಕಲಿಸುತ್ತಾರೋ ಅನ್ನುವ ಚಿಂತೆ ಅದರಲ್ಲಿತ್ತು. ಆಮೇಲೆ ತನ್ನ ಚೀಲದಿಂದ ಒಂದು ಸವತಿಕಾಯಿ ತೆಗೆದು ತೊಟ್ಟಿಲಲ್ಲಿ ಇಟ್ಟಳು. “ಇಳಿಯೋತನಾ ಇರಲಿ. ಬಸ್ಸು ಅಳ್ಳಾಡತೈತಿ, ಖಾಲಿ ತೊಟ್ಟಲಾ ತೂಗಬಾರದವಾ,” ಅಂದಳು. ನಾನು ನಕ್ಕೆ. ಬುದ್ಧಿವಂತೆ ಯಾರಾದರೂ ಆಗಿದ್ದರೆ ಆ ಸವತಿಕಾಯಿಯನ್ನು ನೋಡಿಯೇ ಪ್ರಶ್ನೆಪತ್ರಿಕೆ ಬದಲಿಸಿರುತ್ತಿದ್ದಳು. ನಾನು ಮನೆಗೆ ಬಂದು ಇಪ್ಪತ್ತೇಳು ಕಾಪಿ ತೆಗೆದೆ.

ಶನಿವಾರ ಬೆಳಿಗ್ಗೆ ನನ್ನ ಎದೆ ಹೊಡೆದುಕೊಳ್ಳುತ್ತಿದ್ದ ರೀತಿಗೆ, ಆ ಇಟಲಿಯವನ ಹಾಗೆ ನಾಡಿ ಹಿಡಿದು ಎಣಿಸಿದ್ದರೆ ದೀಪವೇ ನಿಂತಿದೆ ಅನಿಸುತ್ತಿತ್ತು. ಸಾಮಾನಿನ ಖೋಲಿಯ ತೊಲೆಗೆ ಒಂದು ಕಬ್ಬಿಣದ ಬಳೆ ಹಾಕಿ, ನಾಲ್ಕೂ ಹಗ್ಗ ಅದಕ್ಕೇ ಕೂಡಿಸಿ ತೊಟ್ಟಿಲು ಕಟ್ಟಿದ್ದೆವು. ಕೆಳಗೆ ಗುಂಡಕಲ್ಲು. ಪಕ್ಕದ ಕಿಟಕಿಯಲ್ಲಿ ನನ್ನ ಫೋನು, ಸ್ಟಾಪ್‌ವಾಚ್ ತೆರೆದಿಟ್ಟು. ಎಲ್ಲರೂ ತರಗತಿಯಲ್ಲಿ ಕೂತು ಬರೆಯಬೇಕು, ನಡುವೆ ಇಬ್ಬಿಬ್ಬರಾಗಿ ಎದ್ದು ಖೋಲಿಗೆ ಹೋಗಿ ತೂಗಿ, ಎಣಿಸಿ, ಬರೆದುಕೊಂಡು ಬರಬೇಕು. ನಾನು ತರಗತಿಯಲ್ಲೇ ಇರುತ್ತೇನೆ, ಖೋಲಿಗೆ ಬಂದು ನೋಡುವುದಿಲ್ಲ ಅಂತ ಹೇಳಿದ್ದೆ. ಅದನ್ನು ನಂಬಿಕೆ ಅಂತ ಕರೆದಿದ್ದೆ. ನಿಜ ಹೇಳಬೇಕೆಂದರೆ ನೋಡುವ ಧೈರ್ಯವಿರಲಿಲ್ಲ.

ಹದಿಮೂರು ಜೋಡಿ ಹೋಗಿ ಬಂದವು. ಕೊನೆಗೆ ಉಳಿದವಳು ರೇಶ್ಮಾ. ಮೂರನೆಯ ಬೆಂಚಿನ ಕೊನೆಯಲ್ಲಿ ಕೂರುವ ಹುಡುಗಿ, ಕೇಳಿದರೆ ಮಾತ್ರ ಮಾತಾಡುವವಳು. ಜೋಡಿಯಿಲ್ಲದ್ದರಿಂದ ಒಬ್ಬಳೇ ಹೋದಳು. ಉಳಿದವರು ಐದು ನಿಮಿಷದಲ್ಲಿ ಬಂದಿದ್ದರೆ ಇವಳು ಹತ್ತಾದರೂ ಬರಲಿಲ್ಲ. ನಾನು ಬಾಗಿಲ ತನಕ ಹೋಗಿ ತಿರುಗಿ ಬಂದೆ. ಹದಿನೈದಕ್ಕೆ ಬಂದಳು, ಪೇಪರ್ ಮಗುಚಿ ಇಟ್ಟು ಹೋದಳು.

ಅವತ್ತು ಸಂಜೆ ಅಂಗಡಿಯಲ್ಲೇ ಪೇಪರ್ ನೋಡಲು ಕೂತೆ. ಬರೆಯುವ ಪ್ರಶ್ನೆಗಳು ನನ್ನನ್ನು ಅಳಿಸಿ ನಗಿಸಿದವು. ನಿಂತ ಬಸ್ಸು ಒಮ್ಮೆಲೇ ಹೊರಟಾಗ ನಿಂತವರು ಹಿಂದಕ್ಕೆ ಬೀಳುವುದೇಕೆ ಅಂದರೆ ಒಬ್ಬ ‘ಡ್ರೈವರ್ ಹೊಸಬ’ ಅಂತ ಬರೆದಿದ್ದ. ಹಸಿ ಎರೆಹೊಲದಲ್ಲಿ ಟ್ರ್ಯಾಕ್ಟರಿನ ಗಾಲಿ ತಿರುಗಿದರೂ ಮುಂದೆ ಹೋಗದಿರುವುದೇಕೆ ಅಂದರೆ ಮಂಜುನಾಥ, ತರಗತಿಯ ಬಾಯಾಳಿ, ಎಲ್ಲರೂ ಮಂಜ್ಯಾ ಅನ್ನುತ್ತಾರೆ, ಅವನು ‘ನಮ್ಮ ಕಾಕಾ ಹೊಡೆದರೆ ಹೋಗುತ್ತದೆ, ಗಾಲಿಗೆ ಗೋವಿನಜೋಳದ ಸೊಪ್ಪೆ ಹಾಕುತ್ತಾನೆ’ ಅಂತ ಬರೆದಿದ್ದ. ಘರ್ಷಣೆ ಅನ್ನುವ ಶಬ್ದ ಬಾರದಿದ್ದರೂ ಕಾಕಾನಿಗೆ ಅದು ಬರುತ್ತದೆ ಅಂತ ಒಂದು ಅಂಕ ಕೊಟ್ಟೆ. ಹೀಗೆ ಕೂಡಿಸುತ್ತಾ ಹೋದರೆ ಬರೆಯುವ ಭಾಗದಲ್ಲಿ ಹೆಚ್ಚಿನವರು ಐದಾರರಲ್ಲಿ ನಿಂತಿದ್ದರು.  ಈಗ ತೊಟ್ಟಿಲೇ ಕಾಪಾಡಬೇಕು.

ತೊಟ್ಟಿಲು ಕಾಪಾಡಿತು. ಮೊದಲ ಜೋಡಿ: ಖಾಲಿ ಇದ್ದಾಗ ಮೂವತ್ತೇಳೂವರೆ ಸೆಕೆಂಡು, ಕಲ್ಲು ಇಟ್ಟಾಗ ಮೂವತ್ತೇಳೂವರೆ. ‘ಎರಡೂ ಒಂದೇ. ತೂಕಕ್ಕೆ ಸಂಬಂಧವಿಲ್ಲ.’ ಹತ್ತಕ್ಕೆ ಹತ್ತು. ಎರಡನೆಯ ಜೋಡಿಯೂ ಹಾಗೆಯೇ. ಹದಿಮೂರೂ ಜೋಡಿ ಹಾಗೆಯೇ. ಇಪ್ಪತ್ತಾರು ಮಕ್ಕಳಿಗೆ ಹತ್ತಕ್ಕೆ ಹತ್ತು ಸೇರಿಸಿದರೆ ಎಲ್ಲರೂ ಪಾಸಾದರು. ಹದಿನಾಲ್ಕಲ್ಲ, ಇಪ್ಪತ್ತಾರು. ಅಂಗಡಿಗೆ ಬಂದವರಿಗೆಲ್ಲ ನಗುನಗುತ್ತಾ ಕಾಪಿ ತೆಗೆದುಕೊಟ್ಟೆ.

ಕೊನೆಗೆ ರೇಶ್ಮಾಳ ಪೇಪರ್. ‘ಖಾಲಿ ತೊಟ್ಟಿಲು’ ಅನ್ನುವ ನನ್ನ ಅಚ್ಚಿನ ಅಕ್ಷರಗಳನ್ನು ಹೊಡೆದುಹಾಕಿ, ಮೇಲೆ ‘ಚುರುಮುರಿ, ಒಂದು ಹಿಡಿ’ ಅಂತ ಬರೆದಿದ್ದಳು. ಅದಕ್ಕೆ ಮೂವತ್ತಾರು ಸೆಕೆಂಡು. ಕಲ್ಲಿಗೆ ಮೂವತ್ತೇಳೂವರೆ. ಕೆಳಗೆ, ‘ಮೂರು ಮೂರು ಸಲ ನೋಡಿದೆ. ಒಂದೇ ಇಲ್ಲ. ಕಲ್ಲು ಇಟ್ಟರೆ ತಡ.’ ನನಗೆ ಸಿಟ್ಟು ಬಂತು. ಪರೀಕ್ಷೆಯ ಖೋಲಿಯಲ್ಲಿ ಚುರುಮುರಿ ತಿನ್ನುತ್ತಾ ಕೂತಿದ್ದಾಳೆ, ಅದನ್ನು ಬರೆದೂ ಇದ್ದಾಳೆ. ಹತ್ತಕ್ಕೆ ಸೊನ್ನೆ ಹಾಕಿದೆ. ಕೆಂಪು ಪೆನ್ನಿನ ಸೊನ್ನೆ ಬಹಳ ದುಂಡಗೆ ಬಂತು.

ಭಾನುವಾರ ಮಧ್ಯಾಹ್ನ ಮಂಜ್ಯಾ ತನ್ನ ಅಪ್ಪನ ಪಹಣಿ ಕಾಪಿ ಮಾಡಿಸಲು ಬಂದ. ಒಳ್ಳೆಯ ಮನಸ್ಸಿನಲ್ಲಿದ್ದೆನಾದ್ದರಿಂದ ಹೊಗಳಿದೆ.

“ಶಾಣ್ಯಾ ಆಗೀಯಲ್ಲೋ. ಎರಡೂ ಸಲ ಬರೋಬರಿ ಮೂವತ್ತೇಳೂವರಿ ಹೆಂಗ ಹಿಡದಿ?”

“ಎರಡು ಸಲ ಯಾಕ ಹಿಡೀಬೇಕಕ್ಕಾ? ಕಲ್ಲಿಟ್ಟು ಒಮ್ಮಿ ಹಿಡದ್ವಿ. ಅದನ್ನಽ ಆ ಕಡೆನೂ ಬರದ್ವಿ.”

“ಮತ್ತ ಖಾಲಿ ತೊಟ್ಟಲಾ?”

ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. “ಖಾಲಿ ತೊಟ್ಟಲಾ ಯಾರರ ತೂಗ್ತಾರನಕ್ಕಾ? ನಮ್ಮಕ್ಕ ಬಸರದಾಳ. ನಮ್ಮವ್ವಗ ಗೊತ್ತಾದ್ರ ನನ್ನ ಚರ್ಮಾ ಸುಲೀತಾಳ. ಹಂಗೂ ನೀವಽ ಹೇಳಿದ್ರಲ್ಲ, ಎರಡೂ ಒಂದಽ ಬರತಾವಂತ.”

“ಎಲ್ಲಾರೂ ಹಂಗಽ ಬರದೀರೇನು?”

“ಎಲ್ಲಾರೂ ಹಂಗಽ. ತೂಗಿದ್ರ ತಪ್ಪು, ಬರದ್ರೇನು ತಪ್ಪು?”

ಅವನು ಪಹಣಿ ಮಡಚಿಕೊಂಡು ಹೋದ. ನಾನು ಮಷೀನಿನ ಮುಚ್ಚಳ ತೆರೆದೇ ಕೂತೆ. ಇಪ್ಪತ್ತಾರು ಮಕ್ಕಳು ನೋಡದ್ದನ್ನು ನೋಡಿದ ಹಾಗೆ ಬರೆದಿದ್ದರು. ಹಾಗಂತ ಮೋಸ ಮಾಡಬೇಕಂತ ಬರೆದದ್ದಲ್ಲ. ಹೊಟ್ಟೆಯಲ್ಲಿರುವ ಒಂದು ಕೂಸಿಗೆ ಕೇಡಾಗಬಾರದು, ಅಕ್ಕೋರ ಮಾತೂ ಸುಳ್ಳಾಗಬಾರದು ಅನ್ನುವ ಎರಡು ಮರ್ಯಾದೆಗಳ ನಡುವೆ ಸಿಕ್ಕಿ ಬರೆದದ್ದು. ಆದರೆ ನನ್ನ ಕತ್ತು ಹಿಡಿದದ್ದು ಇನ್ನೊಂದು ಯೋಚನೆ. ಮಾದರಿ ಉತ್ತರ ಬರೆಯುವ ಮೊದಲು ನಾನಾದರೂ ಆ ತೊಟ್ಟಿಲನ್ನು ಒಮ್ಮೆ ತೂಗಿ ನೋಡಿದ್ದೆನೇ? ಇಲ್ಲ. ಗೈಡಿನಲ್ಲಿದ್ದುದನ್ನು ಬರೆದಿದ್ದೆ. ಇಪ್ಪತ್ತೇಳನೆಯ ಕಾಪಿ ನನ್ನದೇ.

ಸೋಮವಾರ ಗಂಟೆ ಹೊಡೆಯುವುದಕ್ಕೆ ಒಂದು ತಾಸು ಮೊದಲೇ ಶಾಲೆಗೆ ಹೋಗಿ ಖೋಲಿಯ ಬಾಗಿಲು ತೆರೆಸಿಕೊಂಡೆ. ಚೀಲದಲ್ಲಿ ಅಂಕಪಟ್ಟಿ ಇತ್ತು. ಅದನ್ನು ಹಾಗೆಯೇ ಕೊಟ್ಟರೆ ತಾಸು ನನ್ನದು. ರೇಶ್ಮಾಳ ಸೊನ್ನೆಯ ಬಗ್ಗೆ ಯಾರೂ ಕೇಳುವುದಿಲ್ಲ, ಅವಳೂ ಕೇಳುವವಳಲ್ಲ. ತೊಟ್ಟಿಲಿನ ಮುಂದೆ ನಿಂತು, ತೂಗಿ ನೋಡಿಯೇ ಬಿಡೋಣ ಅಂತ ಕೈ ಚಾಚಿದೆ. ಕೈ ಹಗ್ಗದ ಹತ್ತಿರ ಹೋಗಿ ನಿಂತಿತು. ಸುತ್ತ ಯಾರೂ ಇಲ್ಲ. ನಮ್ಮ ಮನೆಯಲ್ಲಿ ಬಸಿರಿಯರೂ ಇಲ್ಲ. ಬಾವಿಗೆ ಕಲ್ಲು ಒಗೆದು ಗುರುತ್ವ ಹೇಳಿಕೊಟ್ಟ ಕೈ ಅದು. ಆದರೂ ಮುಂದೆ ಹೋಗಲಿಲ್ಲ. ಕಡೆಗೆ ಕರವಸ್ತ್ರ ಮಡಚಿ ಒಳಗಿಟ್ಟೆ. ಹಾಗೆ ಇಟ್ಟ ಮೇಲೆಯೇ ಚುರುಮುರಿ ಯಾಕೆ ಅಂತ ಅರ್ಥವಾದದ್ದು. ತೊಟ್ಟಿಲು ಖಾಲಿಯೂ ಅಲ್ಲ, ತೂಕವೂ ಇಲ್ಲ. ಆ ಹುಡುಗಿ ಮನೆಯ ಮಾತನ್ನೂ ಮೀರದೆ, ಪ್ರಶ್ನೆಯನ್ನೂ ಬಿಡದೆ ದಾರಿ ಕಂಡುಕೊಂಡಿದ್ದಳು. ನಾನು ಅದಕ್ಕೆ ಸೊನ್ನೆ ಕೊಟ್ಟಿದ್ದೆ.

ಕರವಸ್ತ್ರಕ್ಕೆ ಮೂವತ್ತಾರು. ಕಲ್ಲಿಗೆ ಮೂವತ್ತೇಳೂವರೆ. ಇನ್ನೊಮ್ಮೆ. ಮೂವತ್ತಾರು, ಮೂವತ್ತೇಳೂವರೆ. ಮೂರನೆಯ ಸಲ ಎಣಿಸುತ್ತಿರುವಾಗ ಬಾಗಿಲಲ್ಲಿ ಹೆಡ್ ಮಾಸ್ತರರು ನಿಂತಿದ್ದರು.

“ಪೇಪರ್ ತಂದಿಯೇನು?”

ಚೀಲ ಕೈಯಲ್ಲೇ ಇತ್ತು.  ಒಂದು ಕ್ಷಣ, ಒಂದೇ ಕ್ಷಣ ಅಂತ ಹೇಳಿದರೆ ಸುಳ್ಳಾಗುತ್ತದೆ, ಸುಮಾರು ಇಪ್ಪತ್ತು ತೂಗಿನಷ್ಟು ಹೊತ್ತು ಅಂಕಪಟ್ಟಿ ಹುಡುಕುವ ನೆಪದಲ್ಲಿ ಚೀಲ ತಡಕಿದೆ.

“ತಂದೀನ್ರಿ ಸರ್. ಖರೇ ಇಲ್ಲ ಅದು. ಇಪ್ಪತ್ತಾರು ಮಂದಿ ನೋಡದ ಬರದಾರ್ರಿ. ರೇಶ್ಮಾ ಒಬ್ಬಾಕಿ ನೋಡಿ ಬರದಾಳ. ನಾ ಆಕಿಗೆ ಸೊನ್ನಿ ಹಾಕೀನಿ. ನನ್ನ ಉತ್ತರಾನಽ ತಪ್ಪೈತ್ರಿ.”

ಅವರು ಒಳಗೆ ಬಂದು ಪೆಟ್ಟಿಗೆಯ ಮೇಲೆ ಕೂತರು. ಎಲ್ಲವನ್ನೂ ಕೇಳಿದರು. ಮಂಜ್ಯಾನ ಅಕ್ಕನ ಮಾತು ಬಂದಾಗ ತಲೆಯಾಡಿಸಿದರು.

“ಅಂದ್ರ ಪಾಸಾದಾಕಿ ಒಬ್ಬಾಕಿ.”

“ಹೌದ್ರಿ.”

“ನಾ ಹೇಳಿದ್ದು ಹದಿನಾಲ್ಕು.”

“ಹೌದ್ರಿ ಸರ್.”

“ಕಲಘಟಗಿಯವರು ಇವತ್ತ ಸಂಜಿಗೆ ಫೋನ್ ಮಾಡ್ತಾರ, ಗೊತ್ತದ ಅಲಾ?”

ಗೊತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಅವರು ಇಡೀ ಒಂಬತ್ತನೆಯ ತರಗತಿಯನ್ನು ಆ ಖೋಲಿಗೇ ಕರೆಸಿದರು. ಇಪ್ಪತ್ತೇಳು ಮಕ್ಕಳು ಗೋಡೆಗೆ ಅಂಟಿ ನಿಂತರು. ಹೆಡ್ ಮಾಸ್ತರರ ಕೋಲು ಟೇಬಲ್ಲಿನ ಮೇಲೆ ಉಳಿದಿತ್ತು, ಆದರೂ ಎಲ್ಲರ ಕಣ್ಣು ಅವರ ಕೈಯ ಮೇಲೆ.

“ಖಾಲಿ ತೊಟ್ಟಲಾ ಯಾರು ತೂಗೀರಿ, ಕೈ ಎತ್ತರಿ.”

ಒಂದು ಕೈಯೂ ಏಳಲಿಲ್ಲ.

“ರೇಶ್ಮಾ, ನೀ ಏನ್ ಮಾಡ್ದಿ?”

“ಚುರುಮುರಿ ಹಾಕಿದ್ನಿರಿ. ನಮ್ಮ ನಾನಿನೂ ಖಾಲಿ ತೂಗಬಾರದಂತಾರ್ರಿ.”

“ಕಲ್ಲಿಟ್ರ ಯಾಕ ತಡಾ ಆತು?”

“ಗೊತ್ತಿಲ್ರಿ ಸರ್. ಫೋನ್ ಹಂಗ ತೋರಿಸ್ತು. ಅದಕ್ಕಽ ಮೂರು ಸಲ ನೋಡಿದ್ನಿ.”

“ನೀ ಹೇಳವಾ,” ಅಂತ ಅವರು ನನ್ನ ಕಡೆ ತಿರುಗಿದರು. ನನಗೂ ಗೊತ್ತಿರಲಿಲ್ಲ. ಇಪ್ಪತ್ತೇಳು ಮಕ್ಕಳ ಮುಂದೆ “ಗೊತ್ತಿಲ್ರಿ” ಅಂದೆ. ಆ ಶಬ್ದ ಬಾಯಿಂದ ಹೊರಡುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಹಲ್ಲು ಕೀಳಿಸಿಕೊಂಡದ್ದಕ್ಕೂ ಇದಕ್ಕೂ ವ್ಯತ್ಯಾಸವೆಂದರೆ ಹಲ್ಲಿನ ಡಾಕ್ಟರು ಮೊದಲು ಸೂಜಿ ಕೊಡುತ್ತಾರೆ.

 ಆಗ ಹಿಂದಿನಿಂದ ಒಂದು ಗೊಣಗು ಬಂತು.

“ಭಾರ ಆಗಿ ತಡಾ ಆಗಿರಬೇಕ್ರಿ.”

“ಭಾರಕ್ಕ ತಡಾ ಆಗೂದಿಲ್ಲಂತ ಬುಕ್ಕಿನಾಗೈತಲೇ,” ಅಂದ ಮಂಜ್ಯಾ.

“ಹಂಗಾದ್ರ ಬುಕ್ಕಿಗೆ ತೂಗಾಕ ಹೇಳು.”

“ಏ ತಡೀಲೇ. ಭಾರಕ್ಕಽ ತಡಾ ಆಗೂದಿದ್ರ, ಕಲ್ಲ ಎಲ್ಲಿಟ್ರೂ ತಡಾ ಆಗಬೇಕಲಾ. ತಳಕ್ಕಿಡೂದು ಬಿಟ್ಟು ಮ್ಯಾಲ ಕಟ್ಟಿದ್ರ?”

ಮಂಜ್ಯಾ ಕೇಳಿದ್ದು ಜಗಳ ಗೆಲ್ಲುವುದಕ್ಕೆ. ಆದರೆ ಅದನ್ನು ಕೇಳಿ ನನ್ನ ಮೈ ಜುಂ ಅಂದಿತು. ಹೆಡ್ ಮಾಸ್ತರರು “ಕಟ್ಟು” ಅಂದರು. ಹುಡುಗರು ಗುಂಡಪ್ಪನನ್ನು ಎತ್ತಿ ತೊಟ್ಟಿಲಿನ ಮೇಲಿನ ಅಡ್ಡಪಟ್ಟಿಗೆ ಹಗ್ಗದಿಂದ ಬಿಗಿದರು. ಅದೇ ತೊಟ್ಟಿಲು, ಅದೇ ಕಲ್ಲು, ಅದೇ ತೂಕ. ಯಾರೋ ತೂಗಿದರು, ಇಡೀ ತರಗತಿ ಒಟ್ಟಿಗೆ ಎಣಿಸಿತು. ಇಪ್ಪತ್ತಕ್ಕೆ ರೇಶ್ಮಾ ಫೋನು ಒತ್ತಿದಳು. ಮೂವತ್ತೈದು ಕೂಡ ಆಗಿರಲಿಲ್ಲ. ಚುರುಮುರಿಗಿಂತಲೂ ಬೇಗ.

 ಎಲ್ಲರೂ ಒಮ್ಮೆಲೇ ಮಾತಾಡಿದರು. ತೂಕದಿಂದಲ್ಲ, ತೂಕ ಕೂತ ಜಾಗದಿಂದ. ಕಲ್ಲು ತಳದಲ್ಲಿದ್ದರೆ ಭಾರವೆಲ್ಲ ಕೆಳಗಿಳಿಯುತ್ತದೆ, ಮೇಲಿದ್ದರೆ ಮೇಲೇರುತ್ತದೆ. ಹಗ್ಗ ಅಷ್ಟೇ ಇದ್ದರೂ ಲೋಲಕ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಉದ್ದ ಅಂದರೆ ಬರೀ ಹಗ್ಗದ ಉದ್ದ ಅಂತ ನಾನು ತಿಳಿದಿದ್ದೆ, ಅದು ಭಾರದ ನಟ್ಟನಡುವಿನ ತನಕ ಅಳೆಯಬೇಕಾದ ಉದ್ದ. ಅದನ್ನು ವಿವರಿಸುವ ಪುಟವೂ ಎಲ್ಲೋ ಇರಬೇಕು, ನಮ್ಮ ಅಂಗಡಿಗೆ ಕಾಪಿಗೆ ಬಂದಿಲ್ಲ. ಹುಡುಗರು ಕಲ್ಲನ್ನು ನಡುವೆ ಕಟ್ಟಿ ನೋಡಿದರು, ಎರಡು ಚೀಲ ಹಾಕಿ ನೋಡಿದರು. ಮುಂದಿನ ತಾಸಿನ ಗಂಟೆ ಹೊಡೆಯಿತು, ಯಾರೂ ಹೋಗಲಿಲ್ಲ. ಹೆಡ್ ಮಾಸ್ತರರು ಕೂಡ.

ಅವರು ಬಹಳ ಹೊತ್ತಿನ ಮೇಲೆ ಎದ್ದರು. ನನ್ನ ಅಂಕಪಟ್ಟಿಯನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದರು.

“ಹದಿನಾಲ್ಕು ಮಂದಿಗೆ ತಿಳದೈತೋ ಇಲ್ಲೋ ನಾ ಹೆಂಗ ಹೇಳ್ಲಿ. ನನಗಽ ಈಗ ತಿಳದದ್ದು ಇದು,” ಅಂದರು. “ಪರೀಕ್ಷಾದಾಗ ಪಾಸಾದಾಕಿ ಒಬ್ಬಾಕಿ. ಆಕಿನಽ ಹೇಳಲಿ. ರೇಶ್ಮಾ, ಈ ಹತ್ತು ಅಂಕದ ಪ್ರಶ್ನಿಗೆ ನಿಮ್ಮ ಅಕ್ಕೋರಿಗೆ ಎಷ್ಟು ಕೊಡ್ತಿ? ನೋಡು, ಆಕಿ ಪಾಸಾದ್ರ ಇಲ್ಲಿರ್ತಾಳ. ನಪಾಸಾದ್ರ ಅಂಗಡಿಗೆ ಹೋಗ್ತಾಳ. ಮುಲಾಜು ಇಡಬ್ಯಾಡ.”

ರೇಶ್ಮಾ ನನ್ನ ಕಡೆ ನೋಡಲಿಲ್ಲ. ತೊಟ್ಟಿಲಿನ ಕಡೆ ನೋಡಿದಳು. ಮುಲಾಜು ಇಡುವ ಹುಡುಗಿಯಾಗಿದ್ದರೆ ಅವತ್ತೇ ಮೂವತ್ತೇಳೂವರೆ ಅಂತ ಬರೆದು ಬರುತ್ತಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

“ಉತ್ತರ ತಪ್ಪು ಬರದಾರ್ರಿ,” ಅಂದಳು. “ಅದಕ್ಕ ಸೊನ್ನಿ. ತೂಗಿ ನೋಡದ ಪ್ರಶ್ನಿ ಕೇಳ್ಯಾರ, ಅದಕ್ಕೂ ಸೊನ್ನಿ.” ಬೆರಳು ಮಡಚಿ ಎಣಿಸತೊಡಗಿದಳು. “ಆಮ್ಯಾಲೆ ಬಂದು ನೋಡ್ಯಾರ, ಅದಕ್ಕ ಎರಡು. ಗೊತ್ತಿಲ್ಲಂತ ಹೇಳ್ಯಾರ, ಅದಕ್ಕ ಎರಡು. ಹತ್ತಕ್ಕ ನಾಲ್ಕು ರಿ.”

“ಪಾಸಾತೇನು?”

“ಮೂರೂವರಿಗೆ ಪಾಸ್ರಿ ಸರ್. ಅರ್ಧ ಅಂಕ ಹೆಚ್ಚಽ ಬಂದೈತಿ.”

ಕಲಘಟಗಿಯ ಫೋನು ಅವತ್ತು ಸಂಜೆ ಬಂತಂತೆ, ಹೆಡ್ ಮಾಸ್ತರರು ಏನು ಹೇಳಿದರೋ ನನಗೆ ಗೊತ್ತಿಲ್ಲ. ತಾಸು ನನ್ನ ಹತ್ತಿರವೇ ಉಳಿಯಿತು. ಜೀವನದಲ್ಲಿ ನೂರಕ್ಕೆ ಎಂಬತ್ತು ತೆಗೆದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಆದರೂ ಮನುಷ್ಯರ ಆಸೆ ನೋಡಿ. ಅವತ್ತು ಖೋಲಿಯಿಂದ ಮಕ್ಕಳೆಲ್ಲ ಹೊರಗೆ ಹೋಗುವಾಗಲೇ ರೇಶ್ಮಾಳನ್ನು ನಿಲ್ಲಿಸಿ, ಉಳಿದ ಆರು ಅಂಕಕ್ಕೆ ನಾನು ಏನು ಮಾಡಬೇಕಿತ್ತು ಅಂತ ಕೇಳಿದೆ.

ಅವಳು ಯೋಚಿಸಿ, “ಅವು ನಿಮ್ಮವಲ್ರಿ ಅಕ್ಕೋರ,” ಅಂದಳು. “ಕಲ್ಲು ಮ್ಯಾಲ ಕಟ್ಟಿದ್ರ ಅಂತ ಕೇಳಿದಾಂವ ಮಂಜ್ಯಾ. ಅವಂಗ ಕೊಡ್ರಿ.”